ಅಜ್ಜಿಯ ಎರಡನೆಯ ನಾಗಬನ

ಹುಡುಗನ ಅಜ್ಜಿ ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ನಗುತ್ತಾ ಎದ್ದು ಬಂದು ನನ್ನ ಅಮ್ಮನ ಕೈ ಹಿಡಿದುಕೊಂಡರು. "ಹಾಗಾದರೆ ನೀವು ನನಗೆ ತಂಗಿ ಆಗಬೇಕು" ಎಂದರು. ಅಷ್ಟು ಪ್ರೀತಿಯಿಂದ ಆಡಿದ ಆ ಒಂದು ಮಾತಿಗೆ ನಮ್ಮ ಬಿ.ಸಿ.ರೋಡಿನ ಮನೆಯ ಹಾಲ್‌ನಲ್ಲಿ ಕೂತಿದ್ದ ಎಲ್ಲರ ಮುಖವೂ ಇಳಿದುಹೋಯಿತು. ನನ್ನ ಮಗಳ ಮದುವೆ ಅಲ್ಲಿಗೆ ಮುರಿದಿತ್ತು.

ಅದಕ್ಕೆ ಒಂದು ನಿಮಿಷ ಮೊದಲು ಅವರು ಕೇಳಿದ್ದು ನಮ್ಮೂರಿನಲ್ಲಿ ಎಲ್ಲರೂ ಕೇಳುವ ಮಾತು: ನಿಮ್ಮ ಬರಿ ಯಾವುದು? ಬರಿ ಎಂದರೆ ಬೇರೆಯವರ ಗೋತ್ರ ಇದ್ದ ಹಾಗೆ. ವ್ಯತ್ಯಾಸ ಇಷ್ಟೇ, ಅದು ನಮ್ಮಲ್ಲಿ ತಾಯಿಯಿಂದ ಬರುತ್ತದೆ. ನನ್ನ ಬರಿ ನನ್ನ ಅಮ್ಮನದು, ಅಮ್ಮನದು ಅಜ್ಜಿಯದು. ಒಂದೇ ಬರಿಯವರು ಎಷ್ಟೇ ದೂರದವರಾದರೂ ಒಡಹುಟ್ಟಿದವರ ಲೆಕ್ಕ. ಹುಡುಗನ ಬರಿ ಅವನ ಅಜ್ಜಿಯದು, ಹುಡುಗಿಯ ಬರಿ ನನ್ನ ಅಮ್ಮನದು, ಎರಡೂ ಒಂದೇ ಆಗಿಬಿಟ್ಟಿತ್ತು. ಅಣ್ಣತಂಗಿಗೆ ಮದುವೆ ಮಾಡಿಸುವವರು ಯಾರು?

ನನ್ನ ಮೂಗಿನ ತುದಿಯ ಕೋಪ ಊರಿಗೇ ಗೊತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಬಂದವರು ಗೇಟು ದಾಟುವವರೆಗೆ ಹೇಗೋ ತಡೆದುಕೊಂಡು ಮಗಳ ಮೇಲೆ ಹರಿಹಾಯ್ದೆ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತದ ಗುಂಪು ನೋಡುತ್ತೀಯಲ್ಲ, ಆ ಹುಡುಗನ ಬರಿ ಒಂದನ್ನು ಕೇಳಲು ನಿನಗೇನಾಗಿತ್ತು ಎಂದೆ. ಪ್ರೀತಿಸುವಾಗ ಯಾರಮ್ಮಾ ಬರಿ ಕೇಳುವುದು ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಆ ಅರ್ಧ ಕಾಫಿ ಉಳಿದ ಲೋಟವನ್ನು ತೊಳೆಯುತ್ತಾ ಅಳತೊಡಗಿದಳು. ನನ್ನ ಕೋಪ ಜರ್ರನೆ ಇಳಿಯಿತು.

ಹುಡುಗ ಬೆಳ್ತಂಗಡಿಯಲ್ಲಿ ದನದ ಡಾಕ್ಟರು. ಸಣ್ಣ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡವನನ್ನು ಸಾಕಿದ್ದು ತಾಯಿಯ ತಾಯಿಯಾದ ಮೂಡಬಿದಿರೆಯ ಈ ಅಜ್ಜಿ. ಅಜ್ಜಿ ಒಪ್ಪದೆ ನಾನು ಮದುವೆಯಾಗುವುದಿಲ್ಲ ಎಂದು ಅವನು. ಆ ಅಜ್ಜಿಯ ಕಣ್ಣೀರು ಹಾಕಿಸಿ ನಾನು ಆ ಮನೆ ಹತ್ತುವುದಿಲ್ಲ, ಆದರೆ ಬೇರೆ ಯಾರನ್ನೂ ಆಗುವುದೂ ಇಲ್ಲ ಎಂದು ಇವಳು. ಓಡಿಹೋಗಿ ರಿಜಿಸ್ಟರ್ ಮಾಡಿಕೊಂಡಿದ್ದರೆ ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದೆ. ಮಕ್ಕಳು ಇಷ್ಟು ಒಳ್ಳೆಯವರಾದರೆ ಹೆತ್ತವರು ಏನು ಮಾಡಬೇಕು?

ಅವರು ಹೊರಡುವಾಗ ಗೇಟಿನ ಬಳಿ ನಾನು ಸುಮ್ಮನಿರಲಾರದೆ ಒಂದು ಮಾತು ಎಸೆದಿದ್ದೆ. ಅಮ್ಮನಿಗೆ ಎಂಬತ್ತು ದಾಟಿತು, ಮರೆವು ಜಾಸ್ತಿ, ಕುಟುಂಬದ ಮನೆಯಲ್ಲಿ ಒಮ್ಮೆ ಕೇಳಿ ಹೇಳುತ್ತೇನೆ ಎಂದು. ಅಮ್ಮ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಕನ್ನಡಕ ಎಲ್ಲಿಟ್ಟೆ ಎಂದು ಅವಳು ಮರೆಯಬಹುದು, ಬರಿ ಮರೆಯುವವಳಲ್ಲ. ಹುಡುಗನ ಅಜ್ಜಿಗೂ ಅದು ಗೊತ್ತಿತ್ತು. ಆದರೂ ನನ್ನ ಮುಖ ನೋಡಿ, ಪತ್ತನಾಜೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆ ಕಡೆ ಮಾತು ಕೊಡಬೇಕು ಎಂದು ಕಾರು ಹತ್ತಿದರು. ಪತ್ತನಾಜೆ ಎಂದರೆ ಮೇ ತಿಂಗಳ ಕೊನೆಗೆ ಬರುವ, ದೈವದ ಕೋಲ, ಯಕ್ಷಗಾನ ಎಲ್ಲ ಮುಗಿದು ಗೆಜ್ಜೆ ಬಿಚ್ಚಿಡುವ ದಿನ. ಅದಕ್ಕೆ ಉಳಿದಿದ್ದು ಒಂದು ವಾರವೂ ಇಲ್ಲ.

ಆ ಮಾತನ್ನು ನಾನು ಕೇವಲ ಹಟಕ್ಕೆ ಆಡಿರಲಿಲ್ಲ. ನನ್ನ ತಲೆಯಲ್ಲಿ ಒಂದು ಹಳೆಯ ನೆನಪು ಎದ್ದು ಕೂತಿತ್ತು.

ನಾನು ಸಣ್ಣವಳಿದ್ದಾಗ ನಾಗರಪಂಚಮಿಯ ದಿನ ಮಡಂತ್ಯಾರಿನಿಂದ ಒಳಗೆ ಇರುವ ಕುಟುಂಬದ ಮನೆಗೆ ಹೋಗುತ್ತಿದ್ದೆವು. ಅಲ್ಲಿಯ ಬನದಲ್ಲಿ ನಾಗನಿಗೆ ಹಾಲು, ಬೊಂಡ, ಅಂದರೆ ಎಳನೀರು, ಎಲ್ಲ ಆಗುತ್ತಿತ್ತು. ಅದು ಮುಗಿದು ಊಟದ ಗದ್ದಲ ಶುರುವಾಗುವಾಗ ನನ್ನ ಅಜ್ಜಿ, ಅಮ್ಮನ ಅಮ್ಮ, ಬೇರೆಯಾಗಿ ತೆಗೆದಿಟ್ಟ ಬೊಂಡವನ್ನು ಚೀಲಕ್ಕೆ ಹಾಕಿ, ನನ್ನ ಕೈ ಹಿಡಿದು ಬಸ್ಸು ಹತ್ತುತ್ತಿದ್ದಳು. ಗುರುವಾಯನಕೆರೆಯಲ್ಲಿ ಇಳಿದು ಇನ್ನೊಂದು ಬಸ್ಸು, ಆಮೇಲೆ ಅಳದಂಗಡಿಯಿಂದ ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನಡಿಗೆ. ದೊಡ್ಡ ರೆಂಜೆ ಮರದ ಅಡಿಯಲ್ಲಿ ಒಂದು ಬನ. ಅಲ್ಲಿ ಬೊಂಡವಿಟ್ಟು ಅಡ್ಡಬೀಳುತ್ತಿದ್ದಳು. ಹತ್ತಿರದ ಮನೆಯ ಜಗಲಿಯಲ್ಲಿ ಎರಡು ಲೋಟ ನೀರು, ಪಕ್ಕದಲ್ಲಿ ಬೆಲ್ಲ ಇಟ್ಟಿರುತ್ತಿತ್ತು. ಇಟ್ಟವರು ಮಾತ್ರ ಎಂದೂ ಕಾಣಿಸುತ್ತಿರಲಿಲ್ಲ. ಅಜ್ಜಿ ಕುಡಿದು, ನನಗೂ ಕುಡಿಸಿ, ಲೋಟ ಬೋರಲು ಹಾಕಿ ಹೊರಡುತ್ತಿದ್ದಳು. ಮಾವನಿಗೆ ಹೇಳಬೇಡ ಎನ್ನುತ್ತಿದ್ದಳು. ನನಗೆ ಬೆಲ್ಲ ಸಿಕ್ಕಿದ್ದೇ ಸಾಕಾಗಿತ್ತು, ನಾನು ಯಾರಿಗೂ ಹೇಳಿರಲಿಲ್ಲ.

ಈಗ ಯೋಚಿಸಿದಾಗ ಅದರ ಅರ್ಥ ಹೊಳೆಯಿತು. ಪಂಚಮಿಯ ಹಾಲು ಹೊಯ್ಯುವುದು ಅವರವರ ಮೂಲದ ಬನದಲ್ಲಿ. ನಾಗ ಎಂದರೆ ನಮ್ಮಲ್ಲಿ ಮನೆತನದ ಬೇರು. ಯಾರಿಗೂ ಎರಡು ಬೇರು ಇರುವುದಿಲ್ಲ. ಅಜ್ಜಿ ಹುಟ್ಟಿದ್ದು ಬೇರೆ ಕಡೆ ಎಂದಾದರೆ ಅವಳ ರಕ್ತದ ಬರಿ ಬೇರೆ, ಅಮ್ಮನದು ಬೇರೆ, ನನ್ನ ಮಗಳದೂ ಬೇರೆ. ಮದುವೆಗೆ ಅಡ್ಡಿಯೇ ಇಲ್ಲ.

ಅಮ್ಮನಿಗೆ ಹೇಳಿದೆ. ಏನೋ ಹರಕೆ ಇದ್ದಿರಬೇಕು ಎಂದು ತೇಲಿಸಿಬಿಟ್ಟಳು. ಮರುದಿನ ನಾನು ಮಾವನ ಮನೆಗೆ ಹೊರಟಾಗ ಮಾತ್ರ ಸೀರೆ ಬದಲಿಸಿ, ಕೇಳದೆಯೇ ಬಂದು ಕಾರಿನಲ್ಲಿ ಕೂತಳು.

ಮಾವ ಎಂದರೆ ಅಮ್ಮನ ತಮ್ಮ. ಅಜ್ಜಿಗೆ ಇದ್ದದ್ದು ಇವರಿಬ್ಬರೇ ಮಕ್ಕಳು. ಕುಟುಂಬದ ಮನೆಯಲ್ಲಿ ಈಗ ಗಡಿ ಹಿಡಿದವರು ಮಾವ. ಗಡಿ ಹಿಡಿಯುವುದೆಂದರೆ ದೈವದ ಎದುರು ಮನೆತನದ ಯಜಮಾನಿಕೆ ವಹಿಸಿಕೊಳ್ಳುವುದು. ಅದೂ ತಾಯಿಯ ಕಡೆಯಿಂದಲೇ ಬರಬೇಕು. ಮನೆಯ ಮಗಳ ಮಗನಿಗೆ ಸಲ್ಲುತ್ತದೆ, ಮಗನ ಮಗನಿಗಲ್ಲ. ಹೆಣ್ಣು ಹುಟ್ಟದ ಕವಲು ಅಲ್ಲಿಗೆ ನಿಂತುಹೋದ ಹಾಗೆ, ಯಜಮಾನಿಕೆ ಇನ್ನೊಂದು ಕವಲಿಗೆ ಹೋಗುತ್ತದೆ. ಆ ಇನ್ನೊಂದು ಕವಲಿನವರು ತೋಡಿನ, ಅಂದರೆ ಹಳ್ಳದ, ಆಚೆಯೇ ಮನೆ ಕಟ್ಟಿಕೊಂಡು ಎರಡು ತಲೆಮಾರಿನಿಂದ ಕಾಯುತ್ತಿದ್ದಾರೆ ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ.

ಮಾವ ಚಾವಡಿಯಲ್ಲಿ ಸಕ್ಕರೆ ಹಾಕದ ಚಹಾ ಕುಡಿಯುತ್ತಿದ್ದರು. ನಾವು ಹೇಳದೆ ಕೇಳದೆ ಬಂದದ್ದು ನೋಡಿ, ಪಾಲಿನ ವಿಷಯವಾ ಎಂದು ಮೊದಲು ಕೇಳಿದರು. ಅಲ್ಲ ಎಂದಾಗ ಮುಖ ಸಡಿಲವಾಯಿತು. ಬರಿಯ ಕಥೆ ಹೇಳಿದೆ, ಪಾಪ ಎಂದು ಲೊಚಗುಟ್ಟಿದರು. ಮತ್ತೆ ಅಳದಂಗಡಿಯ ಬನದ ಮಾತು ತೆಗೆದೆ. ಅವರ ಕೈಯ ಲೋಟ ತಟ್ಟೆಗೆ ತಾಗಿ ಸದ್ದಾಯಿತು. ನನ್ನ ಕಡೆ ನೋಡಲೇ ಇಲ್ಲ, ಅಮ್ಮನ ಕಡೆ ತಿರುಗಿದರು.

"ಅಕ್ಕ, ಇವಳಿಗೆ ನೀನು ಹೇಳಿದ್ದಾ?"

"ಏನನ್ನು?" ಎಂದಳು ಅಮ್ಮ. "ನನಗೆ ಗೊತ್ತಿದ್ದರೆ ಅಲ್ಲವಾ ಹೇಳಲಿಕ್ಕೆ."

ಮಾವನಿಗೆ ತಾನು ಜಾರಿದ್ದು ಆಗಲೇ ಗೊತ್ತಾದದ್ದು. ಒಳಗೆ ಮಿಕ್ಸಿಯ ಸದ್ದು ನಿಂತಿತು, ಅತ್ತೆ ಬಾಗಿಲ ಹಿಂದೆ ಬಂದು ನಿಂತಿರಬೇಕು. ಕೊನೆಗೆ ಮಾವನೇ ದನಿ ತಗ್ಗಿಸಿ ಹೇಳಿದರು. ಗಡಿ ಹಿಡಿಯುವ ಹಿಂದಿನ ದಿನ ಅಜ್ಜಿ ಅವರನ್ನು ಕರೆದು ಹೇಳಿದ್ದಳಂತೆ. ಅಜ್ಜಿಯ ಅಮ್ಮನಿಗೆ ಹೆಣ್ಣು ಮಗು ಇರಲಿಲ್ಲ. ಮನೆ ಕೈತಪ್ಪುತ್ತದೆ ಎಂದು ಹೆದರಿ, ಬಾಣಂತನಕ್ಕೆ ಹೋಗಿ ಬಂದ ಹಾಗೆ ಮಾಡಿ, ಎಲ್ಲಿಂದಲೋ ತಂದ ಮಗುವನ್ನು ತನ್ನದೇ ಎಂದಳು. ಆ ಮಗು ನಮ್ಮ ಅಜ್ಜಿ. ಎಲ್ಲರಿಗೂ ತಿಳಿಸಿ ದತ್ತು ತಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಬಚ್ಚಿಟ್ಟದ್ದೇ ಸುತ್ತಿಕೊಂಡಿತು. ಈಗ ಇದು ಹೊರಬಿದ್ದರೆ, ದೈವದ ಎದುರು ಸುಳ್ಳು ಹೇಳಿ ಗಡಿ ಹಿಡಿದರು ಎಂದು ತೋಡಿನ ಆಚೆಯವರು ನಾಳೆಯೇ ಚಾವಡಿಗೆ ನುಗ್ಗುತ್ತಾರೆ.

"ಮಗಳ ಮದುವೆ ಮಾಡು ಮಾರಾಯ್ತಿ, ನಾನು ಬೇಡ ಹೇಳುವುದಿಲ್ಲ" ಎಂದರು ಮಾವ ನನಗೆ. "ಆದರೆ ನನ್ನ ಅಮ್ಮನನ್ನು ಈ ಚಾವಡಿಯಿಂದ ಎಬ್ಬಿಸಬೇಡ. ಅವಳು ಎದ್ದರೆ ನಾನೂ ಏಳಬೇಕು."

ನಾನು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ನಿಮ್ಮ ಪೀಠ ಉಳಿಯಲಿಕ್ಕೆ ನನ್ನ ಮಗಳು ಜೀವಮಾನವಿಡೀ ಕೂತಿರಬೇಕಾ ಎಂದೆ. ಅಮ್ಮ ಎದ್ದು ನಿಂತು ನನ್ನ ತೋಳು ಹಿಡಿದಳು. ಹೊರಡುವಾಗ ಚಾವಡಿಯ ಕಂಬವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವಳು ಯಾವಾಗಲೂ ಹಾಗೆ ಮಾಡುವವಳೇ. ಆ ದಿನ ಮಾತ್ರ ನನಗೆ ನೋಡಲಾಗಲಿಲ್ಲ.

ಮಡಂತ್ಯಾರು ಪೇಟೆಗೆ ಬಂದಾಗ ಬಿ.ಸಿ.ರೋಡಿನ ಕಡೆಗೆ ಇಂಡಿಕೇಟರ್ ಹಾಕಿದೆ. ಅಮ್ಮ ಅಳುತ್ತಿರುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಸರಿ ಮಾಡಿಕೊಂಡು, "ಅಳದಂಗಡಿಗೆ ಹೋಗುವ" ಎಂದಳು.

"ಯಾಕೆ?"

"ನನ್ನ ಅಮ್ಮ ಹುಟ್ಟಿದ ಮನೆ ನಾನು ನೋಡಿಲ್ಲ. ನಿನ್ನನ್ನು ಕರಕೊಂಡು ಹೋದಳು, ನನ್ನನ್ನು ಕರೆಯಲಿಲ್ಲ."

ಆ ದನಿಯಲ್ಲಿ ಅಜ್ಜಿಯ ಮೇಲೆ ಸಿಟ್ಟಿತ್ತು. ಎಂಬತ್ತು ದಾಟಿದವಳು ತೀರಿಹೋದ ತಾಯಿಯ ಮೇಲೆ ಮುಖ ಊದಿಸಿಕೊಂಡು ಕೂತದ್ದನ್ನು ನೋಡಿ ನನಗೆ ನಗುವೂ ಬಂತು, ಪಾಪವೂ ಅನಿಸಿತು. ಗುರುವಾಯನಕೆರೆ ತಲುಪುವ ಮೊದಲೇ ಅಮ್ಮನ ಚೀಲದೊಳಗೆ ಫೋನ್ ಬಡಿದುಕೊಳ್ಳತೊಡಗಿತು. ಮಾವನದು. ಅಮ್ಮ ತೆಗೆಯಲಿಲ್ಲ. ನಿಂತಿತು, ಮತ್ತೆ ಬಡಿಯಿತು. ಸ್ವಿಚ್ ಆಫ್ ಮಾಡಮ್ಮ ಎಂದೆ. ಬೇಡ, ಬಡಿಯಲಿ, ಅವನಿಗೆ ಸಮಾಧಾನ ಆಗುತ್ತದೆ ಎಂದಳು. ಆ ಸದ್ದಿನ ಜೊತೆಗೇ ನಾವು ಅಳದಂಗಡಿಗೆ ಬಂದೆವು.

ನನ್ನ ನೆನಪಿನ ದಾರಿ ಅಲ್ಲಿ ಇರಲೇ ಇಲ್ಲ. ಗದ್ದೆಯಿದ್ದ ಕಡೆ ರಬ್ಬರು, ಹುಣಿಯಿದ್ದ ಕಡೆ ಕಾಂಕ್ರೀಟ್ ರಸ್ತೆ. ರೆಂಜೆ ಮರದ ಬನ ಎಂದು ಒಂದು ಅಂಗಡಿಯಲ್ಲಿ ಕೇಳಿದರೆ, ಅಂಗಡಿಯವರು ತಲೆ ಕೆರೆದುಕೊಂಡು, ಮರ ಈಗ ಎಲ್ಲಿ ಉಂಟು, ಎಲ್ಲ ಬನಕ್ಕೂ ಟೈಲ್ಸ್ ಹಾಕಿ ಆಯಿತು ಎಂದರು. ಒಂದು ಬನಕ್ಕೆ ಹೋದೆವು, ಅದಲ್ಲ. ಇನ್ನೊಂದಕ್ಕೆ ಹೋದೆವು. ಸ್ಟೀಲಿನ ಗೇಟು, ಬಿಳಿ ಟೈಲ್ಸು, ಬಿಸಿಲಿಗೆ ಕಣ್ಣು ಬಿಡಲಾಗದಷ್ಟು ಹೊಳಪು. ಒಂದು ಎಲೆಯ ನೆರಳಿಲ್ಲ. ನಾಗ ಇಲ್ಲಿ ಎಲ್ಲಿ ತಣ್ಣಗೆ ಮಲಗಬೇಕು ಎಂದು ನನಗೆ ಸಿಟ್ಟೇ ಬಂತು. ಇದೂ ಅಲ್ಲ ಎಂದು ತಿರುಗುವಾಗ ಪಕ್ಕದ ಮನೆಯ ಜಗಲಿ ಕಂಡಿತು. ಕೆಂಪು ಸಾರಣೆಯ ತಗ್ಗು ಜಗಲಿ, ಮೂಲೆ ಒಡೆದ ಮೆಟ್ಟಿಲು. ಆ ಮೆಟ್ಟಿಲಿನ ಮೇಲೆ ಕೂತು ನಾನು ಬೆಲ್ಲ ತಿಂದಿದ್ದೆ.

ನಾಯಿ ಬೊಗಳಿತು. ಒಳಗಿನಿಂದ ಒಬ್ಬ ಹೆಂಗಸು ಹೊರಗೆ ಬಂದರು. ನಾನು ಯಾರು, ಎಲ್ಲಿಂದ ಎಂದು ಹೇಳಲು ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟೆ. ಬಂದದ್ದು ನನ್ನ ಅಮ್ಮನೇ. ಹತ್ತು ವರ್ಷ ಸಣ್ಣ ವಯಸ್ಸಿನ ಅಮ್ಮ. ಅದೇ ಚೂಪು ಗಲ್ಲ, ಅದೇ ಒಂದು ಹುಬ್ಬು ಮೇಲೆ, ಇನ್ನೊಂದು ಕೆಳಗೆ. ಅವರೂ ಅಮ್ಮನನ್ನು ನೋಡಿದರು. ಆಮೇಲೆ ಅವರು ಒಳಗೆ ಹೋಗಿ ನೀರು ಬೆಲ್ಲ ತಂದು ಜಗಲಿಯ ಮೇಲಿಟ್ಟು, ಒಳಗೆ ಹೋಗದೆ ಅಲ್ಲಿಯೇ ಕೂತರು.

"ಬೊಂಡ ತರುತ್ತಿದ್ದವರ ಮಗಳಾ?" ಎಂದು ಕೇಳಿದರು.

ಅಮ್ಮ ತಲೆಯಾಡಿಸಿದಳು. ಅವರು ಹೇಳಿದ್ದಿಷ್ಟು. ಅವರ ತಾಯಿಗೆ ಒಬ್ಬಳು ಅವಳಿ ಇದ್ದಳು. ಹುಟ್ಟಿದ ಕೆಲವೇ ದಿನಕ್ಕೆ ಒಂದು ಮಗುವನ್ನು ಹೆಣ್ಣಿಲ್ಲದ ಮನೆಗೆ ಕೊಟ್ಟರು. ಕೊಟ್ಟವರು ಕೇಳುವ ಹಾಗಿಲ್ಲ, ತೆಗೆದುಕೊಂಡವರು ಹೇಳುವ ಹಾಗಿಲ್ಲ ಎಂದು ದೈವದ ಎದುರು ಮಾತಾಗಿತ್ತು. ಆ ಮಗು ದೊಡ್ಡವಳಾದ ಮೇಲೆ ಅವಳಿಗೆ ಯಾರು ಹೇಳಿದರೋ, ಪ್ರತಿ ಪಂಚಮಿಗೆ ಬನಕ್ಕೆ ಬರತೊಡಗಿದಳು. ಇವರ ತಾಯಿ ಮಾತು ಮೀರದೆ ಒಳಗೇ ನಿಂತು ಕಿಟಕಿಯಿಂದ ನೋಡುತ್ತಿದ್ದಳು. ಲೋಟ ಬೋರಲು ಹಾಕಿದ್ದು ಕಂಡ ಮೇಲೆಯೇ ಹೊರಗೆ ಬಂದು ಅದನ್ನು ಎತ್ತಿಕೊಳ್ಳುತ್ತಿದ್ದಳು. ಒಂದು ಪಂಚಮಿಗೆ ಬೊಂಡ ಬರಲಿಲ್ಲ. ತಂಗಿ ಹೋದಳು ಎಂದು ತಾಯಿಗೆ ಹಾಗೆಯೇ ಗೊತ್ತಾಯಿತು.

ಅಮ್ಮ ಕೇಳುತ್ತಾ ಕೇಳುತ್ತಾ ನೀರನ್ನು ಒಂದೊಂದೇ ಗುಟುಕು ಕುಡಿಯುತ್ತಿದ್ದಳು. ನನಗೋ ಜೀವ ಬಾಯಿಗೆ ಬಂದಿತ್ತು. ಇವರಿಬ್ಬರೂ ಒಡಹುಟ್ಟಿದ ಅವಳಿಗಳ ಮಕ್ಕಳು, ಹಾಗಾದರೆ ಇಬ್ಬರದೂ ಒಂದೇ ಬರಿ. ಅದು ಯಾವುದು ಎನ್ನುವುದರ ಮೇಲೆ ನನ್ನ ಮಗಳ ಬದುಕು ನಿಂತಿತ್ತು. ಹೆಣ್ಣು ಮಗುವನ್ನು ಸಾಕಲು ತರುವಾಗ ತಮ್ಮದೇ ಬರಿಯ ಮನೆಯಿಂದ ಹುಡುಕಿ ತರುವುದೂ ನಮ್ಮಲ್ಲಿ ಉಂಟು. ಹಾಗೇನಾದರೂ ಆಗಿದ್ದರೆ ಮಾವನ ಚಾವಡಿ ಅಲುಗಿಸಿದ್ದೂ ದಂಡ, ಅಮ್ಮನ ಬೇರು ಕಿತ್ತದ್ದೂ ದಂಡ. ನಿಮ್ಮ ಬರಿ ಯಾವುದು ಎಂದು ಕೇಳಿದೆ.

ಅವರು ಹೇಳಿದ ಬರಿ ಬೇರೆಯದು.

ನಾನು ಆ ಮೆಟ್ಟಿಲಿನ ಮೇಲೆಯೇ ಕೂತು ಮುಖ ಮುಚ್ಚಿಕೊಂಡು ಅತ್ತೆ. ಸಂತೋಷಕ್ಕೆ ಅತ್ತೆ, ಹೌದು. ಆ ಗಳಿಗೆಯಲ್ಲಿ ನನಗೆ ಅಮ್ಮನ ನೆನಪೂ ಇರಲಿಲ್ಲ. ತಲೆಯೆತ್ತಿ ನೋಡಿದಾಗ ಅಮ್ಮ ಬನದ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಬಿಸಿ ಟೈಲ್ಸಿನ ಮೇಲೆ ಬರಿಗಾಲಿನಲ್ಲಿ ನಿಂತಿದ್ದಳು. ಹೊರಡುವಾಗ ಆ ಹೆಂಗಸು, ನಾನಾಗಿ ಯಾರಿಗೂ ಹೇಳುವುದಿಲ್ಲ ಅಕ್ಕ ಎಂದರು. ಅಕ್ಕ ಎಂದು ಕರೆದದ್ದಕ್ಕೆ ಅಮ್ಮ ಅವರ ಗಲ್ಲ ಮುಟ್ಟಿದಳು. ತನ್ನದೇ ಗಲ್ಲ ಮುಟ್ಟಿಕೊಂಡ ಹಾಗಿತ್ತು.

ಅಳದಂಗಡಿಯಿಂದ ವೇಣೂರು ದಾರಿಯಾಗಿ ಹೋದರೆ ಮೂಡಬಿದಿರೆ ದೂರವಲ್ಲ. ಪತ್ತನಾಜೆಗೆ ಇನ್ನೂ ದಿನವಿದ್ದರೂ ನನಗೆ ತಡೆಯಲಾಗಲಿಲ್ಲ, ಈಗಲೇ ಹುಡುಗನ ಅಜ್ಜಿಯ ಮನೆಗೆ ಹೋಗಿ ಹೇಳಿಬಿಡುವ ಎಂದೆ. ಅಮ್ಮ ಬೇಡ ಎನ್ನಲಿಲ್ಲ. ಫೋನ್ ಮತ್ತೆ ಬಡಿಯತೊಡಗಿತು.

ಅವರೊಬ್ಬರಿಗೆ ಮಾತ್ರ ಹೇಳುವ, ಬೇರೆ ಯಾರಿಗೂ ಗೊತ್ತಾಗುವುದು ಬೇಡ ಎಂದು ನಾನು ಶುರುಮಾಡಿದೆ. ಅಮ್ಮ ರಸ್ತೆಯನ್ನೇ ನೋಡುತ್ತಾ, ಮದುವೆಗೆ ಬಂದವರೆಲ್ಲ ಹುಡುಗಿಯ ಬರಿ ಕೇಳುವುದಿಲ್ಲವಾ ಎಂದಳು. ಕೇಳುತ್ತಾರೆ. ತೋಡಿನ ಆಚೆಯವರೂ ಊಟಕ್ಕೆ ಬರುತ್ತಾರೆ. ಅದೇ ಬರಿಯ ಹುಡುಗನಿಗೆ ಹೇಗೆ ಕೊಟ್ಟಿರಿ ಎಂದು ಅವರು ಕೇಳುವುದು ಖಂಡಿತ. ಆಗ ಅಜ್ಜಿಯ ವಿಷಯ ಹೊರಗೆ ಬರಲೇಬೇಕು. ಉತ್ತರವಿಲ್ಲದಾಗ ನನಗೆ ಬರುವುದು ಸಿಟ್ಟೊಂದೇ. ಹಾಗಾದರೆ ನಿನಗೆ ತಮ್ಮ ಬೇಕೋ, ಮೊಮ್ಮಗಳು ಬೇಕೋ ಎಂದು ಕೇಳಿಯೇಬಿಟ್ಟೆ.

"ವೇಣೂರಿನಲ್ಲಿ ನಿಲ್ಲಿಸು, ಬಾಯಾರಿಕೆ" ಎಂದಳು ಅಮ್ಮ.

ನಿಲ್ಲಿಸಿದೆ. ಸೋಡಾ ಶರಬತ್ತು ಹಿಡಿದುಕೊಂಡು ಕುಡಿಯದೆ ಕೂತಿದ್ದಳು. ಲೋಟದೊಳಗೆ ನೋಡುತ್ತಾ, ನಾನು ಹುಟ್ಟಿದ್ದನ್ನು ಕಂಡವರು ಯಾರಾದರೂ ಈಗ ಬದುಕಿದ್ದಾರಾ ಎಂದು ಕೇಳಿದಳು. ಇವಳಿಗೆ ಬಿಸಿಲು ತಲೆಗೆ ಹತ್ತಿತು ಎಂದುಕೊಂಡೆ. ನಿನಗೆ ಇಷ್ಟು ವಯಸ್ಸು, ಅವರಿಗೆ ನೂರರ ಮೇಲಾಗಬೇಕು, ಯಾರಿರುತ್ತಾರೆ ಎಂದೆ.

"ಯಾರೂ ಇಲ್ಲ ಅಲ್ಲವಾ?" ಎಂದಳು. ಆಮೇಲೆ ಶರಬತ್ತನ್ನು ಒಂದೇ ಸಲಕ್ಕೆ ಕುಡಿದು ಲೋಟ ಕೊಟ್ಟಳು.

ಮೂಡಬಿದಿರೆಯಲ್ಲಿ ಹುಡುಗನ ಅಜ್ಜಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ನಮ್ಮನ್ನು ಕಂಡು ಕೈ ಒರೆಸಿಕೊಂಡು, ಬಾ ತಂಗಿ, ಬಾ, ಈ ಬಿಸಿಲಿಗೆ ಹೊರಟದ್ದಾ ಎಂದು ಅಮ್ಮನನ್ನು ಕರೆದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಆ ವಯಸ್ಸಿನಲ್ಲಿ ಹೊಸದಾಗಿ ಒಬ್ಬ ತಂಗಿ ಸಿಗುವುದು ಸಣ್ಣ ಸಂಗತಿಯಲ್ಲ. ಒಳಗೆ ಕೂರಿಸಿ ಫ್ಯಾನ್ ಹಾಕಿದರು. ನಾನು ಮಾತು ಎಲ್ಲಿಂದ ಶುರುಮಾಡಲಿ ಎಂದು ಕೈ ಹಿಸುಕಿಕೊಳ್ಳುತ್ತಿದ್ದೆ. ಅಮ್ಮ ನನಗೆ ಸಂದು ಕೊಡಲಿಲ್ಲ.

"ನಿಮ್ಮ ತಂಗಿ ಆಗುವ ಭಾಗ್ಯ ನನಗೆ ಇಲ್ಲ" ಎಂದಳು. "ಮೊನ್ನೆ ಹೇಳಲಿಕ್ಕೆ ನಾಚಿಕೆ ಆಯ್ತು. ನಾನು ಆ ಮನೆಯಲ್ಲಿ ಹುಟ್ಟಿದವಳಲ್ಲ. ಅಮ್ಮನಿಗೆ ತುಂಬ ಸಮಯ ಮಕ್ಕಳಾಗಲಿಲ್ಲ, ಅಳದಂಗಡಿ ಕಡೆಯಿಂದ ನನ್ನನ್ನು ತಂದರು. ಮತ್ತೆ ತಮ್ಮ ಹುಟ್ಟಿದ. ಅವನು ಆ ಮನೆಯವನು. ತಂದ ಮಗು ನಾನು."

ಹುಟ್ಟಿದ ಬರಿಯ ಹೆಸರನ್ನೂ ಹೇಳಿದಳು, ಸ್ವಲ್ಪವೂ ತಡವರಿಸದೆ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಜ್ಜಿಯ ಕಥೆಯನ್ನು ಅಮ್ಮ ಒಂದು ತಲೆಮಾರು ಕೆಳಗಿಳಿಸಿ ತನ್ನ ಮೈಮೇಲೆ ಹಾಕಿಕೊಂಡಿದ್ದಳು. ಅಜ್ಜಿ ಮನೆಯ ಮಗಳಾಗಿಯೇ ಉಳಿದಳು. ಮಾವ ಮನೆಯ ಮಗಳ ಮಗನಾಗಿಯೇ ಉಳಿದರು, ಗಡಿಗೆ ಧಕ್ಕೆಯಿಲ್ಲ. ನನ್ನ ಮಗಳ ಬರಿ ಬೇರೆಯಾಯಿತು, ಅದಂತೂ ನಿಜವೇ. ಹೊರಗೆ ಬಿದ್ದವಳು ಅಮ್ಮ ಒಬ್ಬಳು, ಅವಳ ಹಿಂದೆ ನಾನು, ನನ್ನ ಮಗಳು. ನನಗೆ ಅದರ ಚಿಂತೆಯಿಲ್ಲ, ನಾನು ಆ ಮನೆಗೆ ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ ಊಟಕ್ಕೆ. ಅಮ್ಮನಿಗೆ ಆ ಮನೆ ಎಂದರೆ ಏನೆಂದು ನಾನು ಬಲ್ಲೆ. ಗಂಡನ ಮನೆಯಲ್ಲಿ ಐವತ್ತು ವರ್ಷ ಇದ್ದರೂ ನಮ್ಮ ಮನೆ ಎಂದು ಅವಳು ಹೇಳಿದ್ದು ಅದೊಂದನ್ನೇ.

ಹುಡುಗನ ಅಜ್ಜಿ ಅಮ್ಮನನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೌದಾ?" ಎಂದು ಕೇಳಿದರು.

ಅಮ್ಮ ನನ್ನನ್ನು ನೋಡಲಿಲ್ಲ. ಫ್ಯಾನಿನ ಗಾಳಿಗೆ ಹಾರುತ್ತಿದ್ದ ಸೆರಗನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದಳು. ಸುಳ್ಳು, ಇವಳು ಆ ಮನೆಯವಳೇ, ಅಲ್ಲಿಯ ಒಳಕೋಣೆಯಲ್ಲಿಯೇ ಹುಟ್ಟಿದವಳು ಎಂದು ಕಿರುಚಬೇಕೆನಿಸಿತು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ ಅತ್ತ ಮಗಳೂ ಕಣ್ಣೆದುರು ಬಂದಳು. ತರಗತಿಯಲ್ಲಿ ಸಾವಿರ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬೆತ್ತ ತೋರಿಸಿದವಳು ನಾನು.

"ಹೌದು" ಎಂದೆ.

ಅವರು ಕಣ್ಣು ಮುಚ್ಚಿ ಕೈ ಮುಗಿದರು. ಮೊಮ್ಮಗನಿಗೆ ಫೋನ್ ಮಾಡಲು ಎದ್ದವರು ಹಿಂತಿರುಗಿ ಬಂದು ಅಮ್ಮನ ಪಕ್ಕದಲ್ಲಿ ಕೂತು, ಇಷ್ಟು ವರ್ಷ ಇದನ್ನು ಒಬ್ಬರೇ ಹೇಗೆ ಇಟ್ಟುಕೊಂಡಿರಿ ಮಾರಾಯ್ರೇ ಎಂದು ಅತ್ತರು. ಅಮ್ಮ ಅವರ ಬೆನ್ನು ಸವರಿ ಸಮಾಧಾನ ಮಾಡಿದಳು. ಅಷ್ಟರಲ್ಲಿ ಫೋನ್ ಮತ್ತೆ ಬಡಿಯಿತು. ಈ ಸಲ ಅಮ್ಮ ಅದನ್ನು ತೆಗೆದುಕೊಂಡು ಅಂಗಳಕ್ಕೆ ಹೋದಳು. ನಾನೂ ಹಿಂದೆ ಹೋದೆ. ಹೇಳಿ ಆಯಿತು, ಅಮ್ಮನದಲ್ಲ, ನನ್ನದು ಎಂದು ತಮ್ಮನಿಗೆ ಎಲ್ಲವನ್ನೂ ನಾಲ್ಕು ಮಾತಿನಲ್ಲಿ ತಿಳಿಸಿದಳು. ಯಾರು ಕೇಳಿದರೂ ನೀನೂ ಹಾಗೆಯೇ ಹೇಳಬೇಕು ಎಂದಳು. ಇಡಲಾ ಎಂದು ಎರಡು ಸಲ ಕೇಳಿ, ಅಮ್ಮನೇ ಇಟ್ಟಳು.

ಮದುವೆ ದೀಪಾವಳಿಯ ನಂತರ ಎಂದು ನಿಶ್ಚಯವಾಯಿತು. ಅದಕ್ಕೆ ಮೊದಲು ನಾಗರಪಂಚಮಿ ಬಂತು.

ಆ ಬೆಳಿಗ್ಗೆ ಅಮ್ಮ ಬೊಂಡ ಹಿಡಿದು ಮೊದಲು ಅಳದಂಗಡಿಗೆ ಹೋಗುವ ಎಂದಳು. ಅಲ್ಲಿ ಮುಗಿಸಿ ಕುಟುಂಬದ ಮನೆಗೆ ಬರುವಾಗ ಮಳೆ ಹನಿಯುತ್ತಿತ್ತು, ಬನದ ಸುತ್ತ ಜನ ಸೇರಿದ್ದರು. ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಬೇಡ ಹೋಗುವುದು ಎಂದು ನಾನು ಹೇಳಿಯೇ ಇದ್ದೆ. ಊಟಕ್ಕೆ ಕರೆದಿದ್ದಾರೆ, ಹೋಗದಿದ್ದರೆ ತಮ್ಮನಿಗೆ ಬೇಸರ ಎಂದಿದ್ದಳು. ಎಲ್ಲರೂ ಅಮ್ಮನೊಡನೆ ಬಹಳ ಮರ್ಯಾದೆಯಿಂದ ಮಾತಾಡಿದರು. ತೋಡಿನ ಆಚೆಯ ಹೆಂಗಸೊಬ್ಬಳು ಕುರ್ಚಿ ತಂದು ಕೊಟ್ಟಳು. ಮನೆಯವರಿಗೆ ಯಾರೂ ಕುರ್ಚಿ ತಂದುಕೊಡುವುದಿಲ್ಲ.

ಭಟ್ಟರು ಕೊಟ್ಟ ಅರಸಿನದ ಪ್ರಸಾದವನ್ನು ಗಡಿ ಹಿಡಿದವರು ಹಂಚುವುದು ನಮ್ಮಲ್ಲಿ ರೂಢಿ. ಮೊದಲು ಕುಟುಂಬದ ಹೆಂಗಸರಿಗೆ, ಅವರಲ್ಲಿಯೂ ಹಿರಿಯವಳಿಗೆ ಮೊದಲು. ಎಷ್ಟೋ ವರ್ಷದಿಂದ ಆ ಮೊದಲ ಪ್ರಸಾದ ಅಮ್ಮನದು. ಮಾವ ಬಾಳೆಲೆ ಹಿಡಿದು ತಿರುಗಿದವರು, ಅಭ್ಯಾಸದಂತೆ "ಅಕ್ಕ" ಎಂದು ಬಾಯಿ ತೆರೆದು ಅಲ್ಲಿಗೇ ನಿಂತರು. ತೋಡಿನ ಆಚೆಯವರೆಲ್ಲ ಮಾವನ ಮುಖವನ್ನೇ ನೋಡುತ್ತಿದ್ದರು. ಅಮ್ಮ ಕುರ್ಚಿಯಿಂದ ಎದ್ದು, ಹಿಂದೆ ನಿಂತಿದ್ದ ನೆರೆಹೊರೆಯವರ ನಡುವೆ ಹೋಗಿ ನಿಂತಳು. ಮಾವ ಇನ್ನೊಂದು ಕವಲಿನ ಹಿರಿಯವಳನ್ನು ಕರೆದರು.

ಕುಟುಂಬದವರದೆಲ್ಲ ಮುಗಿದು ಕೊನೆಗೆ ಹೊರಗಿನವರ ಸರದಿ ಬಂತು. ಅಮ್ಮ ಎಲ್ಲರ ಹಾಗೆ ಕೈಯೊಡ್ಡಿದಳು, ಮಾವ ಎಲ್ಲರಿಗೆ ಹಾಕಿದ ಹಾಗೆ ಹಾಕಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಡುವಾಗ ಅಮ್ಮ ಚಾವಡಿಯ ಕಂಬದ ಬಳಿ ಬಂದು ಕೈ ಚಾಚಿದವಳು, ಯಾರೋ ನೋಡುತ್ತಿದ್ದಾರೆಂದು ಹಿಂದಕ್ಕೆಳೆದುಕೊಂಡಳು.

ಕಾರಿನಲ್ಲಿ ಏನು ಹೇಳಿದರೂ ಅತ್ತುಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಓಡಿಸುತ್ತಿದ್ದೆ. ಅಮ್ಮ ಅಂಗೈಯ ಅರಸಿನವನ್ನು ಕಾಗದದ ತುಂಡಿನಲ್ಲಿ ಜಾಗ್ರತೆಯಿಂದ ಕಟ್ಟಿ ಚೀಲಕ್ಕೆ ಹಾಕಿದಳು. ಮಡಂತ್ಯಾರು ದಾಟಿದ ಮೇಲೆ ಮಾತಾಡಿದಳು.

"ಪ್ರಸಾದ ಹಾಕುವಾಗ ಅವನ ಕೈ ನಡುಗುತ್ತಿತ್ತು" ಎಂದಳು. "ಶುಗರ್ ಪುನಃ ಜಾಸ್ತಿ ಆಗಿರಬೇಕು. ಒಮ್ಮೆ ಡಾಕ್ಟರಿಗೆ ತೋರಿಸಲಿಕ್ಕೆ ಹೇಳು."

"ನೀನೇ ಹೇಳು ಅಮ್ಮ, ನಿನ್ನ ತಮ್ಮ ಅಲ್ಲವಾ?" ಎಂದೆ.

ಅಮ್ಮ ಕಿಟಕಿಯ ಗಾಜು ಏರಿಸಿದಳು.

"ಇನ್ನು ನಾನು ಹೇಳಿದರೆ ಆಗುವುದಿಲ್ಲ" ಎಂದಳು. "ನೀನು ಹೇಳು."